ಎಂಟರ ಮಗ್ಗಿ ಬಂದರೆ ಸಾಕು, ನಿಮ್ಮ ಎಂಪಿ ಸಿಕ್ಕಿಬಿಡುತ್ತಾರೆ

ಹೋದ ಸಂಚಿಕೆಯಲ್ಲಿ ಬೆಂಗಳೂರು ಕೇಂದ್ರ ಲೋಕಸಭಾ ಕ್ಷೇತ್ರದ ಬಗ್ಗೆ ಎರಡೇ ಎರಡು ಸಾಲು ಬರೆದಿದ್ದೆ. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಹುಟ್ಟಿದ್ದು, 2009ರಲ್ಲಿ ಮೊದಲ ಚುನಾವಣೆ ಕಂಡಿದ್ದು ಅಂತ, ಅಷ್ಟೇ. ಅದಕ್ಕೆ ಬಂದ ಪತ್ರಗಳ ರಾಶಿ ನೋಡಿದರೆ, ಗಡಿ ಗೆರೆ ಎಳೆದು ಇಷ್ಟು ವರ್ಷವಾದರೂ ಜನರ ಸಿಟ್ಟು ಆರಿಲ್ಲ ಅನ್ನುವುದು ಗೊತ್ತಾಗುತ್ತದೆ. ಆದಷ್ಟು ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡುತ್ತೇನೆ.

ಪ್ರಶ್ನೆ: ಸಾರ್, ನಮ್ಮದು ನೆಲಮಂಗಲ. ಜಿಲ್ಲೆ ಬೆಂಗಳೂರು ಗ್ರಾಮಾಂತರ. ಬೆಂಗಳೂರು ಗ್ರಾಮಾಂತರ ಅಂತ ಒಂದು ಲೋಕಸಭಾ ಕ್ಷೇತ್ರವೂ ಇದೆ. ಆದರೆ ನಾವು ವೋಟು ಹಾಕುವುದು ಚಿಕ್ಕಬಳ್ಳಾಪುರಕ್ಕೆ! ಇದು ಯಾವ ನ್ಯಾಯ?

ನಿಮ್ಮೊಬ್ಬರ ಕಥೆ ಅಲ್ಲ ಇದು. ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಇರುವುದು ನಾಲ್ಕೇ ತಾಲೂಕು. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ. ಈ ನಾಲ್ಕೂ ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರದಲ್ಲಿವೆ. ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರದಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಒಂದು ವಿಧಾನಸಭಾ ಕ್ಷೇತ್ರವೂ ಇಲ್ಲ. ತಮಾಷೆ ಅಲ್ಲ, ನಿಜ.

ಇದಕ್ಕೆ ಒಂದು ಹಳೇ ಕಾರಣ ಇದೆ. 1986ರಲ್ಲಿ ಗ್ರಾಮಾಂತರ ಜಿಲ್ಲೆ ಆದಾಗ ಅದರಲ್ಲಿ ಎಂಟು ತಾಲೂಕು ಇದ್ದವು. ಈಗಿನ ನಾಲ್ಕರ ಜೊತೆ ರಾಮನಗರ, ಮಾಗಡಿ, ಕನಕಪುರ, ಚನ್ನಪಟ್ಟಣ. 2007ರಲ್ಲಿ ಈ ಕೊನೆಯ ನಾಲ್ಕು ಸೇರಿ ರಾಮನಗರ ಜಿಲ್ಲೆ ಆಯಿತು. ಕ್ಷೇತ್ರ ಮರುವಿಂಗಡಣಾ ಆಯೋಗ ಗೆರೆ ಎಳೆಯುವ ಕೆಲಸ ಅದಕ್ಕೂ ಮುಂಚೆಯೇ ಶುರುವಾಗಿತ್ತು. ಹಾಗಾಗಿ ಹಳೇ ಕನಕಪುರ ಲೋಕಸಭಾ ಕ್ಷೇತ್ರದ ಜಾಗಕ್ಕೆ ಬಂದ ಹೊಸ ಕ್ಷೇತ್ರಕ್ಕೆ 'ಬೆಂಗಳೂರು ಗ್ರಾಮಾಂತರ' ಅನ್ನುವ ಹೆಸರು ಅಂಟಿಕೊಂಡಿತು, ಜಿಲ್ಲೆ ಮಾತ್ರ ಕೆಳಗಿನಿಂದ ಜಾರಿಹೋಯಿತು. ಇನ್ನೂ ಒಂದಿದೆ ಕೇಳಿ. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಡಲು ರಾಜ್ಯ ಸಂಪುಟ ತೀರ್ಮಾನ ಮಾಡಿತು. ಈಗ ಲೆಕ್ಕ ಹಾಕಿ: ಬೆಂಗಳೂರು ದಕ್ಷಿಣ ಜಿಲ್ಲೆ ಇರುವುದು ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರದಲ್ಲಿ. ಬೆಂಗಳೂರು ದಕ್ಷಿಣ ಅನ್ನುವ ವಿಧಾನಸಭಾ ಕ್ಷೇತ್ರ ಇರುವುದೂ ಅದೇ ಗ್ರಾಮಾಂತರದಲ್ಲಿ. ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರಕ್ಕೂ ಇವೆರಡಕ್ಕೂ ಯಾವ ಸಂಬಂಧವೂ ಇಲ್ಲ, ಅದು ಜಯನಗರ, ಬಸವನಗುಡಿ ಕಡೆಯದು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳ ಪಾಡು ನೆನೆಸಿಕೊಂಡರೆ ಅಯ್ಯೋ ಅನಿಸುತ್ತದೆ.

ಪ್ರಶ್ನೆ: ಹೊಸ ಕ್ಷೇತ್ರ ಅಂತೀರಿ, ಆದರೆ ಕರ್ನಾಟಕದ ಲೋಕಸಭಾ ಸೀಟು ಆಗಲೂ 28, ಈಗಲೂ 28. ಹೊಸದು ಬಂತು ಅಂದರೆ ಹಳೆಯದು ಒಂದು ಹೋಗಿರಬೇಕು ಅಲ್ವಾ? ಎಲ್ಲಿ ಹೋಯಿತು? — ಓದುಗರೊಬ್ಬರು, ದಾವಣಗೆರೆ

ಒಳ್ಳೇ ಪ್ರಶ್ನೆ. ಹೆಸರಿನ ಲೆಕ್ಕದಲ್ಲಿ ಏಳು ಹೋದವು, ಏಳು ಬಂದವು. ಹೋದವು: ಕನಕಪುರ, ಧಾರವಾಡ ಉತ್ತರ, ಧಾರವಾಡ ದಕ್ಷಿಣ, ಮಂಗಳೂರು, ಕೆನರಾ, ಉಡುಪಿ, ಚಿಕ್ಕಮಗಳೂರು. ಬಂದವು: ಬೆಂಗಳೂರು ಗ್ರಾಮಾಂತರ, ಧಾರವಾಡ, ಹಾವೇರಿ, ದಕ್ಷಿಣ ಕನ್ನಡ, ಉತ್ತರ ಕನ್ನಡ, ಉಡುಪಿ-ಚಿಕ್ಕಮಗಳೂರು, ಬೆಂಗಳೂರು ಕೇಂದ್ರ.

ಇವುಗಳಲ್ಲಿ ಐದನ್ನು ಜೋಡಿ ಮಾಡಿ ನೋಡಿ. ಕನಕಪುರದ ಜಾಗಕ್ಕೆ ಗ್ರಾಮಾಂತರ, ಧಾರವಾಡ ದಕ್ಷಿಣದ ಜಾಗಕ್ಕೆ ಹಾವೇರಿ, ಹೀಗೆ. ಗಡಿ ಅಲ್ಲಲ್ಲಿ ಬದಲಾದರೂ ಬೇರು ಹಳೆಯದೇ. ಕೊನೆಗೆ ಉಳಿಯುವುದು ಏನು? ಉಡುಪಿ ಮತ್ತು ಚಿಕ್ಕಮಗಳೂರು ಎರಡು ಇದ್ದದ್ದು ಒಂದಾಯಿತು. ಬೆಂಗಳೂರಿನ ಉತ್ತರ, ದಕ್ಷಿಣದ ನಡುವೆ ಕೇಂದ್ರ ಅಂತ ಒಂದು ಜಾಸ್ತಿ ಆಯಿತು. ನೇರವಾಗಿ ಹೇಳಬೇಕು ಅಂದರೆ, ಕರಾವಳಿ ಮತ್ತು ಮಲೆನಾಡು ಒಂದು ಎಂಪಿಯನ್ನು ಕಳೆದುಕೊಂಡವು, ರಾಜಧಾನಿಗೆ ಒಬ್ಬರು ಜಾಸ್ತಿ ಸಿಕ್ಕರು. ಉದ್ಯೋಗ ಹುಡುಕಿಕೊಂಡು ಬೆಂಗಳೂರು ಬಸ್ಸು ಹತ್ತಿದವರ ಹಿಂದೆಯೇ ಸೀಟೂ ಬಸ್ಸು ಹತ್ತಿತು.

ಪ್ರಶ್ನೆ: ನಾನಿರುವುದು ವೈಟ್‌ಫೀಲ್ಡ್‌ನಲ್ಲಿ. ನಮ್ಮ ಅತ್ತೆ ಮನೆ ಚಾಮರಾಜಪೇಟೆಯಲ್ಲಿ. ಮಧ್ಯೆ ಅಷ್ಟೊಂದು ಏರಿಯಾ ಇದ್ದರೂ ಇಬ್ಬರಿಗೂ ಒಬ್ಬರೇ ಎಂಪಿ ಅಂತೆ. ವೈಟ್‌ಫೀಲ್ಡ್ ಯಾವಾಗಿನಿಂದ 'ಕೇಂದ್ರ' ಆಯಿತು? ಈ ಗೆರೆ ಎಳೆದವರು ಟ್ರಾಫಿಕ್‌ನಲ್ಲಿ ಒಮ್ಮೆಯಾದರೂ ಬಂದಿದ್ದಾರಾ?

ಟ್ರಾಫಿಕ್ ವಿಷಯ ನನಗೆ ಬೇಡ, ಗೆರೆ ವಿಷಯ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆ ಇರಲಿ. ಯಾಕೆಂದರೆ ಇದೊಂದು ಅರ್ಥವಾದರೆ ಈ ಪುಟದ ಅರ್ಧ ಪ್ರಶ್ನೆಗಳು ತಾವಾಗಿಯೇ ಬಗೆಹರಿಯುತ್ತವೆ.

ಕಾನೂನು ಹೇಳುವುದು ಎರಡು ಮಾತು. ಒಂದು, ಒಂದು ವಿಧಾನಸಭಾ ಕ್ಷೇತ್ರವನ್ನು ಒಡೆದು ಎರಡು ಲೋಕಸಭಾ ಕ್ಷೇತ್ರಗಳಿಗೆ ಹಂಚುವ ಹಾಗಿಲ್ಲ, ಇಡಿಯಾಗಿ ಒಂದರಲ್ಲೇ ಇರಬೇಕು. ಎರಡು, ರಾಜ್ಯದ ಒಟ್ಟು ವಿಧಾನಸಭಾ ಸೀಟು ಲೋಕಸಭಾ ಸೀಟಿನಿಂದ ಸರಿಯಾಗಿ ಭಾಗವಾಗಬೇಕು. ನಮ್ಮಲ್ಲಿ 224ನ್ನು 28ರಿಂದ ಭಾಗಿಸಿದರೆ 8. ಅಂದರೆ ಒಬ್ಬ ಎಂಪಿಗೆ ಎಂಟು ಎಂಎಲ್ಎ ಕ್ಷೇತ್ರ. ಒಂಬತ್ತೂ ಇಲ್ಲ, ಏಳೂ ಇಲ್ಲ.

ಈಗ ಬೆಂಗಳೂರಿಗೆ ಬನ್ನಿ. 2001ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆ 5.28 ಕೋಟಿ. ಒಂದು ವಿಧಾನಸಭಾ ಕ್ಷೇತ್ರಕ್ಕೆ ಸರಾಸರಿ ಸುಮಾರು 2.36 ಲಕ್ಷ ಜನ. ಬೆಂಗಳೂರು ನಗರ ಜಿಲ್ಲೆಯಲ್ಲಿ ಆಗ ಇದ್ದವರು 65.37 ಲಕ್ಷ. ಭಾಗಿಸಿ ನೋಡಿ, ಹತ್ತಿರ ಹತ್ತಿರ 28 ಬರುತ್ತದೆ. ಅಷ್ಟೇ ಕ್ಷೇತ್ರ ಕೊಟ್ಟರು. ಅದಕ್ಕೂ ಮೊದಲು ಇದ್ದದ್ದು 16 ಮಾತ್ರ. ಉತ್ತರಹಳ್ಳಿ ಅನ್ನುವ ಒಂದೇ ಕ್ಷೇತ್ರ ಎಷ್ಟು ದೊಡ್ಡದಿತ್ತು ಅಂದರೆ, ಅದರ ಎಂಎಲ್ಎ ಎಲ್ಲಾ ಮದುವೆಗಳಿಗೂ ಹೋಗಿ ಬರಲು ಐದು ವರ್ಷ ಸಾಲದು ಅಂತ ಜನ ನಗುತ್ತಿದ್ದರು. ಅದು 2008ರಲ್ಲಿ ಮಾಯವೇ ಆಯಿತು. ಅಲ್ಲಿ ಗೆಲ್ಲುತ್ತಿದ್ದ ಆರ್. ಅಶೋಕ ಪದ್ಮನಾಭನಗರಕ್ಕೆ ಹೋದರು.

28 ಅಂದರೆ ಎಂಟು ಮೂರಲ ಇಪ್ಪತ್ನಾಲ್ಕು, ಮೇಲೆ ನಾಲ್ಕು. ಆ ಇಪ್ಪತ್ನಾಲ್ಕರಲ್ಲಿ ಉತ್ತರ, ಕೇಂದ್ರ, ದಕ್ಷಿಣ ಮೂರು ಕ್ಷೇತ್ರ. ಮಿಕ್ಕ ನಾಲ್ಕರಲ್ಲಿ ಯಲಹಂಕ ಚಿಕ್ಕಬಳ್ಳಾಪುರಕ್ಕೆ ಹೋಯಿತು, ರಾಜರಾಜೇಶ್ವರಿನಗರ, ಬೆಂಗಳೂರು ದಕ್ಷಿಣ, ಆನೇಕಲ್ ಗ್ರಾಮಾಂತರಕ್ಕೆ ಹೋದವು. ರಾಮನಗರ ಜಿಲ್ಲೆಯ ನಾಲ್ಕು, ಬೆಂಗಳೂರಿನ ಈ ಮೂರು, ಒಟ್ಟು ಏಳು ಆಯಿತಲ್ಲ, ಇನ್ನೊಂದಕ್ಕೆ ತುಮಕೂರು ಜಿಲ್ಲೆಯ ಕುಣಿಗಲ್ ತಂದು ಸೇರಿಸಿದರು. ನೆಲಮಂಗಲದವರೇ, ನೀವೂ ಕೇಳಿಸಿಕೊಳ್ಳಿ: ನಿಮ್ಮ ಜಿಲ್ಲೆಯ ನಾಲ್ಕು, ಯಲಹಂಕ ಒಂದು, ಚಿಕ್ಕಬಳ್ಳಾಪುರ ಕಡೆಯ ಮೂರು, ಅಲ್ಲಿಗೂ ಎಂಟು. ಶಿಡ್ಲಘಟ್ಟ, ಚಿಂತಾಮಣಿಯವರು ಚಿಕ್ಕಬಳ್ಳಾಪುರ ಜಿಲ್ಲೆಯವರಾದರೂ ಕೋಲಾರಕ್ಕೆ ವೋಟು ಹಾಕುವುದೂ ಇದೇ ಲೆಕ್ಕಕ್ಕೆ.

ಬೆಂಗಳೂರು ಕೇಂದ್ರದ ಎಂಟು ಯಾವುವು ಅಂದರೆ ಸರ್ವಜ್ಞನಗರ, ಸಿ.ವಿ. ರಾಮನ್‌ನಗರ, ಶಿವಾಜಿನಗರ, ಶಾಂತಿನಗರ, ಗಾಂಧಿನಗರ, ರಾಜಾಜಿನಗರ, ಚಾಮರಾಜಪೇಟೆ, ಮಹದೇವಪುರ. ಮೊದಲ ಏಳು ನಿಜಕ್ಕೂ ಊರಿನ ನಡುಭಾಗ ಅಥವಾ ಅದಕ್ಕೆ ತಾಗಿದವು. ಎಂಟನೆಯದು ನಿಮ್ಮದು, ಪೂರ್ವದ ತುದಿ. ವಿಧಾನಸಭಾ ಕ್ಷೇತ್ರಗಳ ನಂಬರ್ ನೋಡಿದರೂ ಗೊತ್ತಾಗುತ್ತದೆ. 160ರಿಂದ 165 ಸಾಲಾಗಿ ಬರುತ್ತವೆ, ಆಮೇಲೆ 168, ಅಲ್ಲಿಂದ ಸೀದಾ 174ಕ್ಕೆ ಹಾರಿದೆ.

ನನ್ನ ಅಭಿಪ್ರಾಯ ಕೇಳಿದರೆ, ಮಹದೇವಪುರವನ್ನು ಪಕ್ಕದ ಕೆ.ಆರ್. ಪುರದ ಜೊತೆ ಇಟ್ಟಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಕೆ.ಆರ್. ಪುರ ಬೆಂಗಳೂರು ಉತ್ತರಕ್ಕೆ ಸೇರಿತು. ಒಂದನ್ನು ಆಚೆ ಇಟ್ಟರೆ ಇನ್ನೊಂದನ್ನು ಈಚೆ ತರಬೇಕು, ಆಗ ಬೇರೆ ಕಡೆ ಎಂಟು ತಪ್ಪುತ್ತದೆ. ಇಷ್ಟಕ್ಕೂ ಗೆರೆ ಎಳೆದಾಗ ಮಹದೇವಪುರ ಈಗಿನ ಮಹದೇವಪುರ ಆಗಿರಲಿಲ್ಲ. ಕ್ಷೇತ್ರದಲ್ಲಿ ಈಗ ಮತದಾರರೇ 6 ಲಕ್ಷಕ್ಕೂ ಜಾಸ್ತಿ ಇದ್ದಾರೆ. 2024ರಲ್ಲಿ ಬೆಂಗಳೂರು ಕೇಂದ್ರದಿಂದ ಬಿಜೆಪಿಯ ಪಿ.ಸಿ. ಮೋಹನ್ ಗೆದ್ದದ್ದು ಒಟ್ಟು 32,707 ಮತಗಳ ಅಂತರದಿಂದ, ಮಹದೇವಪುರ ಒಂದರಲ್ಲೇ ಅವರಿಗೆ ಸಿಕ್ಕ ಮುನ್ನಡೆ 1,14,046. ಅಲ್ಲಿನ ಮತದಾರರ ಪಟ್ಟಿ ಬಗ್ಗೆ 2025ರಲ್ಲಿ ಎದ್ದ ಗಲಾಟೆ ನಿಮಗೆ ಗೊತ್ತೇ ಇದೆ, ಅದು ಬೇರೆ ಕಥೆ. ನಾನು ಹೇಳುವುದು ಇಷ್ಟೇ, ಯಾವ ವಿಧಾನಸಭಾ ಕ್ಷೇತ್ರವನ್ನು ಯಾವುದರ ಜೊತೆ ಸೇರಿಸಿದರು ಅನ್ನುವುದು ಸುಮ್ನೆ ನಕ್ಷೆಯ ವಿಷಯ ಅಲ್ಲ.

ಪ್ರಶ್ನೆ: ಬೆಂಗಳೂರು ಕೇಂದ್ರದಲ್ಲಿ ಇದುವರೆಗೆ ಎಷ್ಟು ಜನ ಎಂಪಿ ಆಗಿದ್ದಾರೆ?

ಒಬ್ಬರೇ. ಪಿ.ಸಿ. ಮೋಹನ್, ನಾಲ್ಕು ಸಲ: 2009, 2014, 2019, 2024. ಮೊದಲ ಸಲ ಸೋತವರು ಎಚ್.ಟಿ. ಸಾಂಗ್ಲಿಯಾನ, 2004ರಲ್ಲಿ ಬಿಜೆಪಿಯಿಂದ ಬೆಂಗಳೂರು ಉತ್ತರ ಗೆದ್ದು ಆಮೇಲೆ ಕಾಂಗ್ರೆಸ್‌ಗೆ ಬಂದಿದ್ದವರು.

ಪ್ರಶ್ನೆ: ನಮ್ಮದು ಬೈಂದೂರು. ಕಡಲು ಕಾಣುವ ಊರು. ನಮ್ಮ ಎಂಪಿ ಘಟ್ಟದ ಮೇಲೆ ಶಿವಮೊಗ್ಗದಲ್ಲಿ. ಪಕ್ಕದ ಕುಂದಾಪುರದವರಿಗೆ ಉಡುಪಿ-ಚಿಕ್ಕಮಗಳೂರು ಎಂಪಿ. ಘಟ್ಟ ಕಣ್ಣಿಗೆ ಕಾಣಲಿಲ್ಲವಾ ಅವರಿಗೆ?

ಕಂಡಿರುತ್ತದೆ. ಊರುಗಳ ಭೌಗೋಳಿಕ ಸ್ವರೂಪ, ಆಡಳಿತದ ಗಡಿ, ರಸ್ತೆ ಸಂಪರ್ಕ, ಜನರ ಅನುಕೂಲ, ಇಷ್ಟನ್ನೂ ನೋಡಬೇಕು ಅಂತ 2002ರ ಕ್ಷೇತ್ರ ಮರುವಿಂಗಡಣಾ ಕಾಯ್ದೆಯಲ್ಲೇ ಬರೆದಿದೆ. ಆದರೆ ಅದೇ ವಾಕ್ಯದಲ್ಲಿ 'ಸಾಧ್ಯವಾದಷ್ಟು ಮಟ್ಟಿಗೆ' ಅಂತ ಒಂದು ಮಾತೂ ಇದೆ. ಆ ಮಾತಿನೊಳಗೆ ಒಂದು ಘಟ್ಟ ಆರಾಮಾಗಿ ಹಿಡಿಸುತ್ತದೆ.

ಮತ್ತೆ ಅದೇ ಮಗ್ಗಿ. ಉಡುಪಿ ಜಿಲ್ಲೆಗೆ ಐದು ವಿಧಾನಸಭಾ ಕ್ಷೇತ್ರ, ಚಿಕ್ಕಮಗಳೂರಿಗೆ ಐದು, ಒಟ್ಟು ಹತ್ತು. ಎಂಟು ಇಟ್ಟುಕೊಂಡರೆ ಎರಡು ಮಿಕ್ಕಿತು. ಶಿವಮೊಗ್ಗ ಜಿಲ್ಲೆಯಲ್ಲಿ ಏಳು ಇತ್ತು, ಒಂದು ಕಡಿಮೆ. ಹಾಸನದಲ್ಲೂ ಏಳು, ಒಂದು ಕಡಿಮೆ. ಬೈಂದೂರು ಶಿವಮೊಗ್ಗಕ್ಕೆ, ಕಡೂರು ಹಾಸನಕ್ಕೆ. ಕಡೂರಿನವರಿಗೆ ಅಷ್ಟೇನೂ ಕಷ್ಟ ಇಲ್ಲ, ಬಯಲು ಸೀಮೆ, ಪಕ್ಕದಲ್ಲೇ ಅರಸೀಕೆರೆ. ನಿಮ್ಮದು ಹಾಗಲ್ಲ. ಮೀನುಗಾರರ ಸಮಸ್ಯೆಯನ್ನು ಅಡಿಕೆ ಊರಿನ ಎಂಪಿ ಮುಂದೆ ಹೇಳಿಕೊಳ್ಳಲು ಘಟ್ಟ ಹತ್ತಬೇಕು. ಸಮಾಧಾನಕ್ಕೆ ಹೇಳುವುದಾದರೆ, ಕುಂದಾಪುರದವರದೂ ಬೇರೆ ಥರ ಇಲ್ಲ. ಅವರ ಕ್ಷೇತ್ರದ ಅರ್ಧ ಕಡಲ ಬದಿ, ಉಳಿದರ್ಧ ಕಾಫಿ ತೋಟ. ಮಲ್ಪೆಯ ಬಂದರು ಮತ್ತು ಮೂಡಿಗೆರೆಯ ಆನೆ ಹಾವಳಿ ಎರಡನ್ನೂ ಒಬ್ಬರೇ ಎಂಪಿ ಲೋಕಸಭೆಯಲ್ಲಿ ಎತ್ತಬೇಕು.

ಒಂದು ಸಲ ನಕ್ಷೆ ತೆಗೆದು ಎಣಿಸಿ ನೋಡಿ, ಹುಚ್ಚು ಹಿಡಿಸುವ ಆಟ ಇದು. ಮಂಡ್ಯ ಜಿಲ್ಲೆಯಲ್ಲಿ ಏಳು, ಮೈಸೂರಿನ ಕೆ.ಆರ್. ನಗರ ಸೇರಿ ಎಂಟು. ಬಾಗಲಕೋಟೆಯಲ್ಲಿ ಏಳು, ಗದಗದ ನರಗುಂದ ಸೇರಿ ಎಂಟು. ಬೆಳಗಾವಿಯಲ್ಲಿ ಹದಿನೆಂಟು, ಚಿಕ್ಕೋಡಿಗೆ ಎಂಟು, ಬೆಳಗಾವಿಗೆ ಎಂಟು, ಮಿಕ್ಕಿದ ಖಾನಾಪುರ ಮತ್ತು ಕಿತ್ತೂರು ಎರಡೂ ಆರೇ ಇದ್ದ ಉತ್ತರ ಕನ್ನಡಕ್ಕೆ. ರಾಣಿ ಚೆನ್ನಮ್ಮನ ಕಿತ್ತೂರಿನವರು ಕಾರವಾರದವರ ಜೊತೆ ವೋಟು ಹಾಕುತ್ತಾರೆ ಅನ್ನುವುದು ನನಗೂ ತಡವಾಗಿಯೇ ಗೊತ್ತಾಗಿದ್ದು.

ಪ್ರಶ್ನೆ: ಬಸವರಾಜ ಬೊಮ್ಮಾಯಿ ಹಾವೇರಿ ಎಂಪಿ ಆದಾಗ ತಮ್ಮ ವೋಟನ್ನು ತಮಗೇ ಹಾಕಿಕೊಳ್ಳಲು ಆಗಲಿಲ್ಲ ಅಂತ ನನ್ನ ಗೆಳೆಯ ವಾದ ಮಾಡುತ್ತಾನೆ. ನಿಜವಾ? — ಓದುಗರೊಬ್ಬರು, ರಾಣೇಬೆನ್ನೂರು

ಅವರ ಹೆಸರು ಯಾವ ಮತಗಟ್ಟೆಯ ಪಟ್ಟಿಯಲ್ಲಿದೆ ಅನ್ನುವುದಕ್ಕೆ ನಾನು ಕೈ ಹಾಕುವುದಿಲ್ಲ. ಗೆಳೆಯರ ವಾದದಲ್ಲಿ ಹುರುಳು ಎಲ್ಲಿದೆ ಅಂದರೆ, 2008ರಿಂದ ಬೊಮ್ಮಾಯಿ ಶಾಸಕರಾಗಿದ್ದ ಶಿಗ್ಗಾಂವಿ ಹಾವೇರಿ ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ಧಾರವಾಡಕ್ಕೆ ಸೇರುತ್ತದೆ. ಧಾರವಾಡ ಜಿಲ್ಲೆಯಲ್ಲಿ ಏಳು, ಶಿಗ್ಗಾಂವಿ ಸೇರಿ... ಇನ್ನು ನೀವೇ ಹೇಳಿ. ಹಾವೇರಿಗೆ ಮಿಕ್ಕಿದ್ದು ಐದು, ಗದಗ ಜಿಲ್ಲೆಯ ಗದಗ, ರೋಣ, ಶಿರಹಟ್ಟಿ ಮೂರು. ಲೋಕಸಭೆಗೆ ನಿಲ್ಲುವವರು ಆ ಕ್ಷೇತ್ರದ ಮತದಾರರೇ ಆಗಿರಬೇಕು ಅನ್ನುವ ನಿಯಮ ಇಲ್ಲ. ಹಾಗಾಗಿ ಅದರಲ್ಲಿ ತಪ್ಪೇನೂ ಇಲ್ಲ.

ಪ್ರಶ್ನೆ: ಚಿತ್ರದುರ್ಗ ಮೊದಲು ಸಾಮಾನ್ಯ ಕ್ಷೇತ್ರ ಆಗಿತ್ತು, ಈಗ ಮೀಸಲು. ಬೀದರ್, ಚಿಕ್ಕೋಡಿ ಮೀಸಲು ಇದ್ದವು, ಈಗ ಸಾಮಾನ್ಯ. ಇದು ಸರದಿ ಪ್ರಕಾರವಾ?

ಪಂಚಾಯ್ತಿಯ ಹಾಗೆ ಸರದಿ ಅಲ್ಲ. ಜನಸಂಖ್ಯೆಯ ಪಾಲು ನೋಡುತ್ತಾರೆ. ಪರಿಶಿಷ್ಟ ಪಂಗಡದ ಸೀಟು ಅಂದರೆ ಆ ಜನರ ಪಾಲು ಎಲ್ಲಿ ಅತಿ ಜಾಸ್ತಿ ಇದೆಯೋ ಅಲ್ಲೇ ಕೊಡಬೇಕು. ಪರಿಶಿಷ್ಟ ಜಾತಿಯ ಸೀಟಿಗೆ ಇನ್ನೊಂದು ಷರತ್ತೂ ಇದೆ, ಪಾಲು ಜಾಸ್ತಿ ಇರುವುದರ ಜೊತೆಗೆ ರಾಜ್ಯದ ಬೇರೆ ಬೇರೆ ಭಾಗಗಳಿಗೆ ಹಂಚಿಹೋಗಬೇಕು. 2008ರಲ್ಲಿ ಆಗಿದ್ದು ಇದು: ಪರಿಶಿಷ್ಟ ಜಾತಿಗೆ ನಾಲ್ಕು ಇದ್ದದ್ದು ಐದಾಯಿತು, ಕೋಲಾರ, ಚಾಮರಾಜನಗರ, ಚಿತ್ರದುರ್ಗ, ಕಲಬುರಗಿ, ವಿಜಯಪುರ. ಪರಿಶಿಷ್ಟ ಪಂಗಡಕ್ಕೆ ಒಂದೂ ಇಲ್ಲದಿದ್ದದ್ದು ಎರಡಾಯಿತು, ಬಳ್ಳಾರಿ ಮತ್ತು ರಾಯಚೂರು. ವಿಧಾನಸಭೆಯಲ್ಲಿ ಇನ್ನೂ ದೊಡ್ಡ ಬದಲಾವಣೆ, ಪಂಗಡದ ಸೀಟು ಎರಡರಿಂದ ಹದಿನೈದಕ್ಕೆ ಏರಿತು.

ಇದರಿಂದ ನಾಯಕರ ಊರೇ ಬದಲಾಯಿತು. ಚಿಕ್ಕೋಡಿಯಲ್ಲಿ ಗೆಲ್ಲುತ್ತಿದ್ದ ರಮೇಶ ಜಿಗಜಿಣಗಿ ವಿಜಯಪುರಕ್ಕೆ ಹೋದರು, ಅಲ್ಲೂ ಗೆದ್ದರು. ಗುರುಮಠಕಲ್‌ನಲ್ಲಿ ಬೇರು ಬಿಟ್ಟಿದ್ದ ಮಲ್ಲಿಕಾರ್ಜುನ ಖರ್ಗೆ, ಆ ಕ್ಷೇತ್ರದ ಮೀಸಲಾತಿ ಹೋದ ಮೇಲೆ 2008ರಲ್ಲಿ ಚಿತ್ತಾಪುರದಿಂದ ನಿಂತರು, ಮರುವರ್ಷ ಮೀಸಲಾದ ಕಲಬುರಗಿಯಿಂದ ಲೋಕಸಭೆಗೇ ಹೋದರು. ಗುರುಮಠಕಲ್ ಮೀಸಲಾಗಿಯೇ ಉಳಿದಿದ್ದರೆ ಏನಾಗುತ್ತಿತ್ತೋ, ಯಾರಿಗೆ ಗೊತ್ತು.

ಪ್ರಶ್ನೆ: ಈ ಆಯೋಗದಲ್ಲಿ ಇದ್ದವರು ಯಾರು? ಪಕ್ಷದವರು ಕೈಯಾಡಿಸಿರುತ್ತಾರೆ ಅಲ್ವಾ? ಕೋರ್ಟಿಗೆ ಹೋಗಬಹುದಾ?

ಅಧ್ಯಕ್ಷರು ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕುಲದೀಪ್ ಸಿಂಗ್. ಜೊತೆಗೆ ಒಬ್ಬ ಚುನಾವಣಾ ಆಯುಕ್ತರು, ಆಯಾ ರಾಜ್ಯದ ಚುನಾವಣಾ ಆಯುಕ್ತರು. ಪ್ರತಿ ರಾಜ್ಯದಿಂದ ಐವರು ಎಂಪಿ, ಐವರು ಎಂಎಲ್ಎ ಸಹ ಸದಸ್ಯರಾಗಿ ಕೂರುತ್ತಾರೆ. ಅವರು ಮಾತಾಡಬಹುದು, ಆದರೆ ಮತ ಹಾಕುವ ಹಾಗಿಲ್ಲ, ಆದೇಶಕ್ಕೆ ಸಹಿಯನ್ನೂ ಮಾಡುವ ಹಾಗಿಲ್ಲ. ಕರಡು ಪ್ರಕಟಿಸಿ, ಆಕ್ಷೇಪಣೆ ಕರೆದು, ಜನರ ಮುಂದೆ ಸಭೆ ನಡೆಸಬೇಕು ಅಂತಲೂ ಕಾಯ್ದೆ ಹೇಳುತ್ತದೆ. ನಿಮ್ಮ ಸಿಟ್ಟಿಗೆ ಸರಿಯಾದ ಜಾಗ ಆ ಸಭೆ.

ಕೋರ್ಟು? ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದೆ. ಸಂವಿಧಾನದ 329ನೇ ವಿಧಿ ನೋಡಿ. ಗೆಜೆಟ್‌ನಲ್ಲಿ ಬಂದ ಮೇಲೆ ಆಯೋಗದ ಆದೇಶ ಕಾನೂನೇ ಆಗಿಬಿಡುತ್ತದೆ. ಇಲ್ಲದಿದ್ದರೆ ಪ್ರತಿ ಚುನಾವಣೆಗೂ ಸಾವಿರ ಕೇಸು ಬೀಳುತ್ತಿದ್ದವು, ಅದು ನನಗೂ ಅರ್ಥವಾಗುತ್ತದೆ. ಆದರೂ ಬೈಂದೂರಿನವರ ಮುಂದೆ ನಿಂತು ಈ ಮಾತು ಹೇಳುವುದು ಕಷ್ಟ.

ಪ್ರಶ್ನೆ: ಬೆಂಗಳೂರಿಗೆ ಐದು ಮಹಾನಗರ ಪಾಲಿಕೆ ಆದವು. ವಾರ್ಡೆಲ್ಲ ಬದಲಾಯಿತು. ನಮ್ಮ ಲೋಕಸಭಾ ಕ್ಷೇತ್ರವೂ ಬದಲಾಯಿತಾ?

ಇಲ್ಲ. ವಾರ್ಡಿನ ಗಡಿ ಬೇರೆ, ಇದರ ಗಡಿ ಬೇರೆ. ಆದರೆ ಈಗ ಬೆಂಗಳೂರು ಕೇಂದ್ರ ಅಂತ ಒಂದು ಪಾಲಿಕೆಯೂ ಬಂದಿದೆ. ಅದರಲ್ಲಿ ಚಿಕ್ಕಪೇಟೆ ಇದೆ, ಮಹದೇವಪುರ ಇಲ್ಲ. ಲೋಕಸಭಾ ಕ್ಷೇತ್ರದಲ್ಲಿ ಮಹದೇವಪುರ ಇದೆ, ಚಿಕ್ಕಪೇಟೆ ಇಲ್ಲ. ನಾನು ಇನ್ನೇನೂ ಹೇಳುವುದಿಲ್ಲ.

ಪ್ರಶ್ನೆ: ಬೆಂಗಳೂರು ಇಷ್ಟು ಬೆಳೆದ ಮೇಲೂ ಹಳೇ ಗೆರೆಯಲ್ಲೇ ಯಾಕೆ ಇದ್ದೇವೆ? ಪ್ರತಿ ಜನಗಣತಿ ಆದ ಮೇಲೆ ಬದಲಾಯಿಸಬೇಕಲ್ಲವಾ?

ಸಂವಿಧಾನ ಮೊದಲು ಹೇಳಿದ್ದು ಹಾಗೆಯೇ. 1976ರಲ್ಲಿ 42ನೇ ತಿದ್ದುಪಡಿ ತಂದು, ರಾಜ್ಯಗಳ ಸೀಟಿನ ಸಂಖ್ಯೆಯನ್ನು 1971ರ ಜನಗಣತಿಗೇ ಕಟ್ಟಿಹಾಕಿದರು. ಕುಟುಂಬ ಯೋಜನೆಯನ್ನು ಚೆನ್ನಾಗಿ ಮಾಡಿದ ರಾಜ್ಯ ಸೀಟು ಕಳೆದುಕೊಳ್ಳಬಾರದು ಅನ್ನುವುದು ಉದ್ದೇಶ. ಆಮೇಲೆ 84ನೇ ತಿದ್ದುಪಡಿ ಬಂದು, 2026ರ ನಂತರದ ಮೊದಲ ಜನಗಣತಿಯ ಅಂಕಿಅಂಶ ಬರುವವರೆಗೂ ಅದನ್ನು ಮುಂದುವರಿಸಿತು. ರಾಜ್ಯದೊಳಗಿನ ಗೆರೆಯನ್ನು ಮಾತ್ರ ಒಂದು ಸಲ ಬದಲಾಯಿಸಲು ಬಿಟ್ಟರು, ಅದೇ 2008ರದ್ದು. ಆ ವರ್ಷ ಮೇ ತಿಂಗಳಲ್ಲಿ ನಡೆದ ನಮ್ಮ ವಿಧಾನಸಭಾ ಚುನಾವಣೆಯೇ ಇಡೀ ದೇಶದಲ್ಲಿ ಆ ಹೊಸ ಗೆರೆಗಳ ಮೇಲೆ ನಡೆದ ಮೊದಲ ಚುನಾವಣೆ.

ಆವತ್ತು ಒಂದು ಲೋಕಸಭಾ ಕ್ಷೇತ್ರಕ್ಕೆ ಸುಮಾರು 18.9 ಲಕ್ಷ ಜನ ಅಂತ ಸರಾಸರಿ ಹಿಡಿದು ಹಂಚಿದ್ದರು. 2024ಕ್ಕೆ ಬೆಂಗಳೂರು ಉತ್ತರದಲ್ಲಿ ಮತದಾರರೇ 32 ಲಕ್ಷದ ಹತ್ತಿರ ಬಂದಿದ್ದರು. ಉಡುಪಿ-ಚಿಕ್ಕಮಗಳೂರಿನಲ್ಲಿ ಅದರ ಅರ್ಧದಷ್ಟು. ಶೃಂಗೇರಿ ವಿಧಾನಸಭಾ ಕ್ಷೇತ್ರದಲ್ಲಿ ಎರಡು ಲಕ್ಷ ಮತದಾರರೂ ಇಲ್ಲ. ಮುಂದಿನ ಸಲ ಗೆರೆ ಎಳೆದಾಗ ಮಲೆನಾಡಿನವರು ಇನ್ನೂ ಕಳೆದುಕೊಳ್ಳುತ್ತಾರೆ, ಬೆಂಗಳೂರಿನವರಿಗೆ ಇನ್ನೂ ಸಿಗುತ್ತದೆ. ದೇಶದ ಲೆಕ್ಕದಲ್ಲಿ ದಕ್ಷಿಣದ ರಾಜ್ಯಗಳು ಉತ್ತರದ ಬಗ್ಗೆ ಏನು ಭಯ ಪಡುತ್ತಿವೆಯೋ, ಅದೇ ಭಯ ನಮ್ಮ ರಾಜ್ಯದೊಳಗೆ ಶೃಂಗೇರಿ, ಮೂಡಿಗೆರೆಯವರಿಗೆ ಬೆಂಗಳೂರಿನ ಬಗ್ಗೆ ಇರಬೇಕು. ದೆಹಲಿ ವಿಷಯಕ್ಕೆ ಜೋರಾಗಿ ಮಾತಾಡುವ ನಾವು ಬೆಂಗಳೂರಿಗರು ಇದರ ಬಗ್ಗೆ ಬಾಯಿ ಬಿಡುವುದಿಲ್ಲ. ನಾನೂ ಸೇರಿದ ಹಾಗೆ.

ಪ್ರಶ್ನೆ: ರಾಜಾಜಿನಗರದಿಂದ ಕೆ.ಆರ್. ಪುರಕ್ಕೆ ಮನೆ ಬದಲಾಯಿಸಿದ್ದೇನೆ. ಎರಡೂ ಬೆಂಗಳೂರೇ ಅಲ್ವಾ, ಹಳೇ ಕಾರ್ಡೇ ಸಾಕಾ?

ಸಾಲದು. ರಾಜಾಜಿನಗರ ಕೇಂದ್ರಕ್ಕೆ, ಕೆ.ಆರ್. ಪುರ ಉತ್ತರಕ್ಕೆ. ಎಂಎಲ್ಎನೂ ಬೇರೆ, ಎಂಪಿಯೂ ಬೇರೆ. ನಮೂನೆ 8 ತುಂಬಿ, ಹೊಸ ವಿಳಾಸದ ಒಂದು ದಾಖಲೆ ಜೊತೆಗಿಡಿ. ಆನ್‌ಲೈನ್‌ನಲ್ಲೂ ಆಗುತ್ತದೆ, ನಿಮ್ಮ ಮತಗಟ್ಟೆ ಅಧಿಕಾರಿಯ ಕೈಗೂ ಕೊಡಬಹುದು. ಹೊಸ ಕಾರ್ಡು ಬಂದ ಮೇಲೆ ಹಿಂಬದಿ ನೋಡಿ, ವಿಧಾನಸಭಾ ಕ್ಷೇತ್ರದ ನಂಬರ್ ಇರುತ್ತದೆ. 165 ಹೋಗಿ 151 ಅಂತ ಬಂದಿದ್ದರೆ ಕೆಲಸ ಆಗಿದೆ ಅಂತ ಲೆಕ್ಕ.